ದಪ್ಪ ಗೆರೆಯ ಬಾಗಿಲು

ನಮ್ಮ ಮೇಲಿನ ಮನೆಯ ಹದ್ದಕ್ಕನಿಗೆ ಆ ಹೆಸರಿಟ್ಟವರು ನಾವಲ್ಲ, ಅವಳ ಕಾರ್ಖಾನೆಯವರು. ಗಾಜಿನ ಬಾಟಲಿ ಮಾಡುವ ಕಾರ್ಖಾನೆ ಅದು. ಇಪ್ಪತ್ಮೂರು ವರ್ಷ ಅವಳು ಅಲ್ಲಿ ಮಾಡಿದ್ದು ಒಂದೇ ಕೆಲಸ. ಬೆಳಕಿನ ಹಲಗೆಯ ಮುಂದೆ ಕೂತು, ಪಟ್ಟಿಯ ಮೇಲೆ ಸಾಲುಗಟ್ಟಿ ಬರುವ ಬಾಟಲಿಗಳನ್ನು ನೋಡುವುದು. ಗಾಜಿನೊಳಗೆ ಸಾಸಿವೆ ಕಾಳಿನಷ್ಟು ಗುಳ್ಳೆ, ಕತ್ತಿನ ಹತ್ತಿರ ಕೂದಲಿನಂಥ ಬಿರುಕು, ತಳದಲ್ಲಿ ಕರಗದೆ ಉಳಿದ ಮರಳಿನ ಕಣ, ಏನೇ ಕಂಡರೂ ಬಾಟಲಿಯ ಕುತ್ತಿಗೆ ಹಿಡಿದು ಪಕ್ಕದ ತೊಟ್ಟಿಗೆ ಎಸೆಯಬೇಕು. ಕೆಲವು ಸಲ ಬಾಟಲಿಯ ಒಳಗೆ ಈ ಗೋಡೆಯಿಂದ ಆ ಗೋಡೆಗೆ ಗಾಜಿನ ಎಳೆಯೊಂದು ಕಟ್ಟಿಕೊಂಡಿರುತ್ತದಂತೆ. ಅದಕ್ಕೆ ಅವರು ಉಯ್ಯಾಲೆ ಅನ್ನುತ್ತಿದ್ದರು. ಅದು ಮುರಿದು ಔಷಧಿಯೊಳಗೆ ಬಿದ್ದರೆ ಕುಡಿದವರ ಗತಿ ಮುಗಿದಂತೆ. ಒಂದು ಉಯ್ಯಾಲೆಯೂ ತನ್ನನ್ನು ದಾಟಿ ಹೋಗಿಲ್ಲ ಅಂತ ಅವಳಿಗೆ ಸಣ್ಣದೊಂದು ಜಂಬವಿತ್ತು. ಯಾರ ಮನೆಗೆ ಸಂಬಂಧ ನೋಡಲು ಹೋಗುವುದಿದ್ದರೂ ಹದ್ದಕ್ಕನನ್ನು ಮಾತ್ರ ಕರೆದುಕೊಂಡು ಹೋಗಬೇಡಿ, ಹುಡುಗನನ್ನೇ ಎತ್ತಿ ಬೆಳಕಿಗೆ ಹಿಡಿದುಬಿಡುತ್ತಾಳೆ ಅಂತ ನಮ್ಮ ಬೀದಿಯವರು ತಮಾಷೆ ಮಾಡುತ್ತಿದ್ದರು.

ನಾನು ಕೆಳಗಿನ ಮನೆಯಲ್ಲಿ ಹೊಲಿಗೆ ಮಾಡಿಕೊಂಡಿರುವವಳು. ಈಗ ಹೇಳುವುದೆಲ್ಲ ಸ್ವಲ್ಪ ನಾನು ನೋಡಿದ್ದು, ಉಳಿದದ್ದು ಅವಳೇ ನನ್ನ ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಕೂತು ತುಂಡುತುಂಡಾಗಿ ಹೇಳಿದ್ದು.

ಅವಳ ನಲವತ್ತೇಳನೇ ವಯಸ್ಸಿನಲ್ಲಿ ಕಾರ್ಖಾನೆಗೆ ಕ್ಯಾಮೆರಾ ಬಂತು. ಒಂದು ಕಪ್ಪು ಡಬ್ಬ, ಅದಕ್ಕೆ ಆರು ಕಣ್ಣು. ಮೊದಲ ವಾರ ಡಬ್ಬ ಹಿಡಿದ ತಪ್ಪನ್ನು ಇವರು ನೋಡಬೇಕಿತ್ತು, ಎರಡನೇ ವಾರ ಇವರು ಹಿಡಿದದ್ದನ್ನು ಡಬ್ಬ ನೋಡಿತು. ಮೂರನೇ ವಾರ ಬೆಳಕಿನ ಹಲಗೆಗಳನ್ನೆಲ್ಲ ಕಳಚಿ ಗೋಡೆಗೆ ಒರಗಿಸಿಟ್ಟರು. ಅರವತ್ತು ಜನ ಹೆಂಗಸರು ಒಂದೇ ದಿನ ಗೇಟು ದಾಟಿ ಹೊರಗೆ ಬಂದರು. ಹದ್ದಕ್ಕ ಮನೆಗೆ ಬಂದು ಮುಖ ತೊಳೆದು ಗಂಡನಿಗೆ ಊಟ ತಿನ್ನಿಸಿದಳು. ಆಮೇಲೆ ಕೆಳಗಿಳಿದು ಬಂದು ನನ್ನ ಸ್ಟೂಲಿನ ಮೇಲೆ ಕೂತಳು.  

ಅವಳ ಗಂಡನನ್ನು ನಾನು ಭಾವ ಅಂತ ಕರೆಯುತ್ತೇನೆ. ಬಸ್ಸು ಓಡಿಸುತ್ತಿದ್ದವರು. ಎರಡು ವರ್ಷದ ಹಿಂದೆ ಲಕ್ವ ಹೊಡೆದು ಬಲಗಡೆಯೆಲ್ಲ ಬಿದ್ದುಹೋಯಿತು, ಮಾತೂ ಹೋಯಿತು. ಉಳಿದದ್ದು ಒಂದೇ ಒಂದು ಮಾತು, "ಆಯ್ತು." ಹಸಿವಾದರೂ ಆಯ್ತು, ನೋವಾದರೂ ಆಯ್ತು, ಸಿಟ್ಟು ಬಂದರೂ ಅದೇ, ಧ್ವನಿ ಮಾತ್ರ ಬೇರೆ. ಕೆಲಸ ಹೋಯಿತು ಅಂತ ಅವಳು ಹೇಳಿದಾಗಲೂ ಅವರು ಆಯ್ತು ಅಂದರಂತೆ. ಯಾವ ಆಯ್ತು ಅದು ಅಂತ ಅವಳಿಗೂ ತಿಳಿಯಲಿಲ್ಲ. ಮಗಳೊಬ್ಬಳು, ಇಪ್ಪತ್ತು ವರ್ಷದವಳು, ಓದು ಅರ್ಧಕ್ಕೆ ನಿಲ್ಲಿಸಿ ಚಪ್ಪಲಿ ಅಂಗಡಿಯಲ್ಲಿ ಕೆಲಸಕ್ಕೆ ನಿಂತಿದ್ದಳು. ಅಮ್ಮನ ಕೆಲಸವೊಂದು ಗಟ್ಟಿಯಿದೆ, ಮುಂದಿನ ವರ್ಷ ಮತ್ತೆ ಓದುತ್ತೇನೆ ಅನ್ನುವ ಲೆಕ್ಕದಲ್ಲಿ ಇದ್ದವಳು ಆ ಹುಡುಗಿ.

ಉದ್ಯೋಗ ಕಚೇರಿಯಲ್ಲಿ ಹದ್ದಕ್ಕನಿಗೆ ಹೇಳಿದ್ದು ಒಂದೇ ಮಾತು. ಕಂಪ್ಯೂಟರ್ ತರಬೇತಿಯ ಪ್ರಮಾಣಪತ್ರ ಇಲ್ಲದವರ ಹೆಸರನ್ನು ಎಲ್ಲಿಗೂ ಕಳಿಸುವುದಿಲ್ಲ. ಬಾಗಿಲು ಕಾಯುವ ಕೆಲಸಕ್ಕೂ ಈಗ ಅದು ಬೇಕು. ತರಬೇತಿ ಪುಕ್ಕಟೆ, ಸಂತೆ ಬೀದಿಯ ಹಿಂದಿನ ಎರಡನೇ ಮಹಡಿಯಲ್ಲಿ. ಪಾಠ ಗೀಠ ಅಂತ ಹೆದರಬೇಡಿ, ಎಲ್ಲ ಆಟದ ಮೂಲಕವೇ ಕಲಿಸುತ್ತಾರೆ ಅಂದರು. ಆಟ ಅಂದಾಗ ಅವಳಿಗೆ ಸಮಾಧಾನವಾಯಿತಂತೆ. ಪುಸ್ತಕ ಅಂದಿದ್ದರೆ ಅಲ್ಲಿಂದಲೇ ವಾಪಸ್ಸು ಬರುತ್ತಿದ್ದಳೋ ಏನೋ.

ಉದ್ದನೆಯ ಹಾಲು. ಇಪ್ಪತ್ತು ಕಂಪ್ಯೂಟರು, ಒಂದಕ್ಕೊಂದು ಮೊಣಕೈ ತಾಗುವಂತೆ ಕುರ್ಚಿ. ಕಲಿಸುವವಳು ಇಪ್ಪತ್ತಾರು ಇಪ್ಪತ್ತೇಳರ ಹುಡುಗಿ, ಎಲ್ಲರೂ ಟೀಚರಮ್ಮ ಅನ್ನುತ್ತಿದ್ದರು. ಒಳ್ಳೆಯ ಹುಡುಗಿಯೇ, ಆದರೆ ಇಪ್ಪತ್ತು ಜನಕ್ಕೆ ಒಬ್ಬಳೇ. ಪರದೆಯ ಮೇಲೆ ಒಂದು ಪುಟ್ಟ ಪಟ್ಟಣ, ಅದರಲ್ಲಿ ಟೋಪಿ ಹಾಕಿದ ಅಂಚೆಯವನು. ಅವನ ಮುಂದೆ ನಾಲ್ಕು ಬಾಗಿಲು ಬರುತ್ತವೆ, ಪ್ರತಿ ಬಾಗಿಲ ಮೇಲೂ ಒಂದು ಚಿತ್ರ, ಒಂದು ಹೆಸರು. ಕಾಗದವನ್ನು ಉಳಿಸಬೇಕಾದರೆ ಯಾವ ಬಾಗಿಲು? ಕಳಿಸಬೇಕಾದರೆ ಯಾವುದು? ಅಳಿಸಿದ್ದು ವಾಪಸ್ಸು ಬೇಕಾದರೆ? ಹತ್ತು ಎಣಿಸುವಷ್ಟರಲ್ಲಿ ಸರಿಯಾದ ಬಾಗಿಲನ್ನು ಒತ್ತಿದರೆ ಗಂಟೆ ಬಾರಿಸಿ ನಕ್ಷತ್ರ ಬೀಳುತ್ತದೆ. ತಪ್ಪಿದರೆ ಅಂಚೆಯವನು ಚರಂಡಿಗೆ ಬೀಳುತ್ತಾನೆ. ಒಬ್ಬೊಬ್ಬರಿಗೆ ದಿನಕ್ಕೆ ಮೂರು ಜೀವ.

ಹದ್ದಕ್ಕನ ಪಕ್ಕದ ಕುರ್ಚಿಯಲ್ಲಿ ಐವತ್ತೈದರ ಒಬ್ಬ ಮನುಷ್ಯ. ಒಂದು ದೊಡ್ಡ ಬಟ್ಟೆ ಅಂಗಡಿಯಲ್ಲಿ ಮೂವತ್ತು ವರ್ಷ ಲಿಫ್ಟು ನಡೆಸಿದವನು, ಗಿರಾಕಿಗಳೇ ಗುಂಡಿ ಒತ್ತಿಕೊಳ್ಳಲಿ ಅಂತ ಅವನನ್ನು ಬಿಡಿಸಿದ್ದರು. ಅವನನ್ನು ಎಲ್ಲರೂ ಲಿಫ್ಟಣ್ಣ ಅಂತಿದ್ದರು. ಮೊದಲ ದಿನ ಟೀಚರಮ್ಮ ಮೂರು ಜೀವದ ವಿಷಯ ವಿವರಿಸಿದಾಗ ಅವನು ಹದ್ದಕ್ಕನ ಕಡೆ ಬಾಗಿ ಹೇಳಿದನಂತೆ, "ಇರೋ ಒಂದನ್ನೇ ಸಾಕೋಕ್ಕಾಗ್ತಿಲ್ಲ, ಇವರು ಇನ್ನೂ ಎರಡು ಕೊಡ್ತಿದ್ದಾರೆ ನೋಡಿ." ಕೆಲಸ ಹೋದ ಮೇಲೆ ಅವಳು ನಕ್ಕಿದ್ದು ಅದೇ ಮೊದಲು.

ನಗು ಅಲ್ಲಿಗೇ ಮುಗಿಯಿತು. ಮೌಸು ಅವಳ ಕೈಯಲ್ಲಿ ಸೋಪಿನ ಹಾಗೆ ಜಾರುತ್ತಿತ್ತು. ಬಾಣವನ್ನು ಬಾಗಿಲಿನ ಹತ್ತಿರ ತರುವಷ್ಟರಲ್ಲಿ ಹತ್ತು ಎಣಿಕೆ ಮುಗಿದಿರುತ್ತಿತ್ತು. ಬೆಳಗ್ಗೆ ಹತ್ತಕ್ಕೆ ಶುರುವಾದರೆ ಹತ್ತೂಕಾಲಿಗೆ ಅವಳ ಮೂರು ಜೀವವೂ ಚರಂಡಿ ಪಾಲು. ಆಮೇಲೆ ಮಧ್ಯಾಹ್ನದವರೆಗೆ ಕೈಕಟ್ಟಿ ಕೂತು ಬೇರೆಯವರ ಗಂಟೆ ಕೇಳುವುದು. ಗೋಡೆಯ ಮೇಲೆ ದೊಡ್ಡ ಪರದೆಯೊಂದಿತ್ತು, ಅದರಲ್ಲಿ ಇಪ್ಪತ್ತು ಜನರ ಹೆಸರು, ನಕ್ಷತ್ರದ ಲೆಕ್ಕದಲ್ಲಿ ಮೇಲಿಂದ ಕೆಳಕ್ಕೆ. ಕಟ್ಟಕಡೆಯ ಸಾಲು ಅವಳದು. ಅವಳ ಮೇಲೆ ಒಬ್ಬ ಅಡುಗೆಯವನು. ಅವನ ಮೇಲೆ ಲಿಫ್ಟಣ್ಣ. ಗೊತ್ತಿಲ್ಲದವರಿಗೆ ಕಲಿಸಲು ಕರೆದು, ಗೊತ್ತಿಲ್ಲ ಅನ್ನುವುದನ್ನು ಗೋಡೆಗೆ ಬರೆದು ಹಾಕಿದ್ದರು.

ನಾಲ್ಕನೇ ವಾರಕ್ಕೆ ಹೊಸ ನಿಯಮ ಬಂತು. ಸೀಟಿಗಾಗಿ ಕಾಯುವವರ ಸಾಲು ಬೆಳೆದಿದೆ, ಹಾಗಾಗಿ ಶನಿವಾರ ಪಟ್ಟಿಯಲ್ಲಿ ಕೊನೆಯಲ್ಲಿರುವ ಇಬ್ಬರು ಸೀಟು ಬಿಟ್ಟುಕೊಡಬೇಕು. ಟೀಚರಮ್ಮ ಅದನ್ನು ಓದುವಾಗ ಯಾರ ಮುಖವನ್ನೂ ನೋಡಲಿಲ್ಲ. ಎಂಟು ತಿಂಗಳ ಮಟ್ಟಿಗೆ ಮತ್ತೆ ಹೆಸರು ಬರೆಸುವ ಹಾಗಿಲ್ಲ ಅಂತಲೂ ಅದರಲ್ಲಿತ್ತು. ಅವತ್ತು ಸೋಮವಾರ.  ಸಂಜೆ ಹದ್ದಕ್ಕ ನನ್ನ ಹತ್ತಿರ ಬಂದು, ಹೊಲಿಗೆಯಾದರೂ ಕಲಿಸಿಕೊಡು ಅಂದಳು. ನನಗೇ ಕೆಲಸವಿಲ್ಲದೆ ಯಂತ್ರಕ್ಕೆ ಬಟ್ಟೆ ಹೊದಿಸಿಟ್ಟಿದ್ದ ದಿನಗಳು ಅವು. ನಾನು ಏನು ಹೇಳಲಿ?

ಬುಧವಾರ ಬೆಳಗ್ಗೆ ಎರಡು ಜೀವ ಹೋಗಿ ಒಂದು ಉಳಿದಿತ್ತು. ಒತ್ತಿದರೂ ಅಷ್ಟೇ ಒತ್ತದಿದ್ದರೂ ಅಷ್ಟೇ ಅಂತ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಅವಳು ಪರದೆಯನ್ನು ಸುಮ್ಮನೆ ನೋಡಿದಳು, ಬಾಟಲಿ ನೋಡುವ ಹಾಗೆ. ಏನನ್ನೂ ಓದದೆ. ಆಗ ಕಂಡಿತು. ನಾಲ್ಕು ಬಾಗಿಲಲ್ಲಿ ಒಂದರ ಕೆಳಗಿನ ಗೆರೆ ಉಳಿದ ಮೂರಕ್ಕಿಂತ ಎಳೆಯಷ್ಟು ದಪ್ಪ. ಬರೆದವರ ಕೈತಪ್ಪೋ ಏನೋ, ಸಾವಿರ ಜನ ನೋಡಿದರೂ ಒಬ್ಬರಿಗೂ ಕಾಣದಂಥದ್ದು. ಅದನ್ನು ಒತ್ತಿದಳು. ಗಂಟೆ ಬಾರಿಸಿತು. ಮುಂದಿನ ನಾಲ್ಕು ಬಾಗಿಲು ಬಂದವು. ಮತ್ತೆ ಒಂದರ ಗೆರೆ ದಪ್ಪ. ಒತ್ತಿದಳು. ಗಂಟೆ.

ಆ ದಿನ ಆ ಒಂದೇ ಜೀವದಲ್ಲಿ ಅವಳು ಮಧ್ಯಾಹ್ನದವರೆಗೂ ಆಡಿದಳು. ಬಾಗಿಲ ಮೇಲಿನ ಹೆಸರನ್ನು ಓದುವ ಗೋಜಿಗೇ ಹೋಗಲಿಲ್ಲ. ಗೆರೆ ನೋಡು, ಒತ್ತು. ಕಣ್ಣಿಗೆ ಬಾಣ ಬೇಕಾಗಿಲ್ಲವಲ್ಲ, ಮೊದಲೇ ಬಾಗಿಲು ಗೊತ್ತಾದ ಮೇಲೆ ಕೈಗೂ ಧೈರ್ಯ ಬಂದು ಮೌಸು ಹೇಳಿದ ಮಾತು ಕೇಳತೊಡಗಿತು. ಟೀಚರಮ್ಮ ಹಿಂದೆ ಬಂದು ನಿಂತು, "ನೋಡಿದ್ರಾ, ನಾನು ಹೇಳ್ಲಿಲ್ವಾ, ಆಟದಲ್ಲಿ ತಾನಾಗೇ ಬರುತ್ತೆ ಅಂತ," ಅಂದಳು. ಹದ್ದಕ್ಕ ಆಗ ಬಾಯಿಬಿಟ್ಟು ಹೇಳಬಹುದಿತ್ತು. ಹೇಳಲಿಲ್ಲ. ಮುಳುಗುವವಳಿಗೆ ಹುಲ್ಲುಕಡ್ಡಿ ಸಿಕ್ಕಿತ್ತು, ಅದು ಯಾರ ಹೊಲದ್ದು ಅಂತ ಕೇಳುವ ಹೊತ್ತಾಗಿರಲಿಲ್ಲ.

ಶನಿವಾರದ ಪಟ್ಟಿಯಲ್ಲಿ ಅವಳು ಹನ್ನೊಂದನೆಯವಳು. ಅವಳು ಮೇಲೆ ಹತ್ತಿದ್ದರಿಂದ ಕೆಳಗೆ ಉಳಿದವರು ಒಂದೊಂದು ಮೆಟ್ಟಿಲು ಇಳಿದಿದ್ದರು. ಕೊನೆಯ ಇಬ್ಬರು ಅಡುಗೆಯವನು ಮತ್ತು ಲಿಫ್ಟಣ್ಣ. ಅಡುಗೆಯವನು ಒಂದಿಷ್ಟು ಕೂಗಾಡಿ ಹೋದ. ಲಿಫ್ಟಣ್ಣ ತನ್ನ ಕುರ್ಚಿಯನ್ನು ಮೇಜಿನೊಳಕ್ಕೆ ನೀಟಾಗಿ ಸರಿಸಿ, ಹದ್ದಕ್ಕನಿಗೆ "ನೀವಾದ್ರೂ ದಾಟಿದ್ರಲ್ಲ, ಸಂತೋಷ," ಅಂದು ಹೊರಟ. ಎರಡು ಮಹಡಿಯ ಮೆಟ್ಟಿಲನ್ನು ಅವನು ಗೋಡೆ ಹಿಡಿದುಕೊಂಡು ಇಳಿಯುವುದನ್ನು ಅವಳು ಬಾಗಿಲಲ್ಲಿ ನಿಂತು ನೋಡಿದಳು. ಮಂಡಿನೋವಿನ ಮನುಷ್ಯ.

ಮುಂದಿನ ಮೂರು ವಾರದಲ್ಲಿ ಅವಳು ಮೊದಲನೇ ಸ್ಥಾನಕ್ಕೆ ಬಂದಳು. ಆಟದ ಎಲ್ಲ ಪಟ್ಟಣಗಳನ್ನೂ ದಾಟಿದ ಮೊದಲಿಗಳು. ಅವಳ ಕೈಯಲ್ಲಿ ಪ್ರಮಾಣಪತ್ರ ಕೊಟ್ಟು ಫೋಟೋ ತೆಗೆದರು. ಮಗಳು ಆ ಫೋಟೋವನ್ನು ನೆಂಟರಿಷ್ಟರಿಗೆಲ್ಲ ಕಳಿಸಿ, ತನ್ನ ಅಂಗಡಿಯವರಿಗೂ ತೋರಿಸಿ, ನನಗೂ ಎರಡು ಸಲ ತೋರಿಸಿದಳು. ಅದರಲ್ಲಿ ಹದ್ದಕ್ಕನ ಮುಖ ಹಲ್ಲುನೋವು ಬಂದವಳ ಹಾಗಿತ್ತು. ಫೋಟೋ ಅಂದ್ರೆ ಅಮ್ಮನಿಗೆ ನಾಚಿಕೆ ಅಂತ ಮಗಳು ಅಂದಳು. ನಾನೂ ಹಾಗೇ ಅಂದುಕೊಂಡೆ.

ಕೇಂದ್ರದ ಶಿಫಾರಸಿನ ಮೇಲೆ ಒಂದು ಔಷಧಿ ಗೋದಾಮಿನ ಕಚೇರಿಯಿಂದ ಕರೆ ಬಂತು. ಆ ದಿನ ಅವಳು ನನ್ನ ಹತ್ತಿರವೇ ಬಂದು ಬಟ್ಟೆಗೆ ಇಸ್ತ್ರಿ ಹಾಕಿಸಿಕೊಂಡಳು.  ಗೋದಾಮಿನಲ್ಲಿ ಕನ್ನಡಕ ಹಾಕಿದ ಅಧಿಕಾರಿಣಿಯೊಬ್ಬಳು ನೀರು ಕೊಟ್ಟು, ಕಂಪ್ಯೂಟರಿನ ಮುಂದೆ ಕೂರಿಸಿ, ಒಂದು ಹಾಳೆಯಲ್ಲಿ ಇಪ್ಪತ್ತು ಔಷಧಿಯ ಹೆಸರು ಕೊಟ್ಟು, ಪಟ್ಟಿ ತೆರೆದು ಇವನ್ನು ತುಂಬಿಸಿ, ಉಳಿಸಿ, ಈ ವಿಳಾಸಕ್ಕೆ ಕಳಿಸಿ ಅಂದಳು. ಅವಸರವಿಲ್ಲ, ಗಡಿಯಾರ ನೋಡಬೇಡಿ ಅಂತಲೂ ಅಂದಳು.

ಪರದೆ ಬರೀ ಬೂದುಬಣ್ಣ. ಪಟ್ಟಣವಿಲ್ಲ, ಅಂಚೆಯವನಿಲ್ಲ. ಹದ್ದಕ್ಕ ಆ ಬೂದುಬಣ್ಣದ ಮೂಲೆಮೂಲೆಯನ್ನೂ ಹುಡುಕಿದಳು. ಎಲ್ಲ ಗೆರೆಯೂ ಒಂದೇ ದಪ್ಪ. ನಲವತ್ತು ನಿಮಿಷದಲ್ಲಿ ಅವಳು ಏನೋ ಒಂದನ್ನು ತೆರೆದಳು, ಅದರಲ್ಲಿ ಮೊದಲ ಔಷಧಿಯ ಅರ್ಧ ಹೆಸರು ಬರೆದಳು, ಇನ್ನೇನನ್ನೋ ಒತ್ತಿದಳು, ಬರೆದದ್ದೂ ಹೋಗಿ ತೆರೆದದ್ದೂ ಹೋಯಿತು. ಅಧಿಕಾರಿಣಿ ಪಕ್ಕದ ಕುರ್ಚಿ ಎಳೆದುಕೊಂಡು ಕೂತಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು ಅಂತ ಹದ್ದಕ್ಕ ಈಗಲೂ ಹೇಳುತ್ತಾಳೆ.

"ನೀವು ಮೊದಲನೇ ಸ್ಥಾನ ಅಂತ ಬರೆದಿದ್ದಾರೆ."

"ಹೌದು."

"ಯಾವುದರಲ್ಲಿ?"

"ಆಟದಲ್ಲಿ," ಅಂದಳು ಹದ್ದಕ್ಕ.

ಮನೆಗೆ ಬಂದು ಮಗಳಿಗೆ ಏನು ಹೇಳಬೇಕು? ತಿಳಿಸುತ್ತೇವೆ ಅಂದಿದ್ದಾರೆ, ಅದಕ್ಕೂ ಮೊದಲು ಕೆಲವು ದಿನ ಬಂದು ಕೆಲಸ ನೋಡಿಕೊಳ್ಳಲು ಹೇಳಿದ್ದಾರೆ ಅಂತ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟಳು. ಮಗಳು ತನ್ನ ಹಳೇ ಪುಸ್ತಕಗಳ ಗಂಟನ್ನು ಮಂಚದಡಿಯಿಂದ ಎಳೆದು ಧೂಳು ಒರೆಸಿದಳು. ಅದನ್ನು ನೋಡಿದ ಮೇಲೆ ನಿಜ ಹೇಳುವ ದಾರಿ ಪೂರಾ ಮುಚ್ಚಿಹೋಯಿತು. ಒಂದು ಸುಳ್ಳಿಗೆ ನೂರು ಸುಳ್ಳಿನ ಕಾವಲು ಅನ್ನುತ್ತಾರಲ್ಲ, ಹಾಗೆ ಮರುದಿನದಿಂದ ಅವಳು ಇಸ್ತ್ರಿ ಬಟ್ಟೆ ಹಾಕಿಕೊಂಡು, ಡಬ್ಬಿ ಕಟ್ಟಿಕೊಂಡು, ಎಂಟೂವರೆಗೆ ಮನೆ ಬಿಡತೊಡಗಿದಳು. ನನ್ನ ಬಾಗಿಲ ಮುಂದೆ ಹಾದು ಹೋಗುವಾಗ ಹೋಗಿಬರ್ತೀನಿ ಅನ್ನುತ್ತಿದ್ದಳು. ನಾನು ಒಳ್ಳೇದಾಗಲಿ ಅನ್ನುತ್ತಿದ್ದೆ. ಪಕ್ಕದಲ್ಲೇ ಇದ್ದೂ ನಾನು ಎಂಥ ಕುರುಡಿ.

ಮೊದಲೆರಡು ದಿನ ಬಸ್ ನಿಲ್ದಾಣದಲ್ಲಿ ಕೂತಳು. ಅಲ್ಲಿ ಪರಿಚಯದವರು ಸಿಗುತ್ತಾರೆ. ಒಂದು ದಿನ ರೈಲು ಹಳಿಯ ಮೇಲಿನ ಕಾಲುಸೇತುವೆಯಲ್ಲಿ ನಿಂತಳು. ಅಲ್ಲಿ ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ, ತಲೆಯಲ್ಲಿ ಏನೇನೋ ಬಂತು, ನಿನ್ನ ಭಾವನ ಸಂಜೆಯ ಮಾತ್ರೆಯ ನೆನಪಾಗಿ ಇಳಿದು ಬಂದೆ ಅಂದಳು. ಅದರ ಬಗ್ಗೆ ಅವಳು ಇಷ್ಟೇ ಹೇಳಿದ್ದು, ನಾನೂ ಹೆಚ್ಚು ಕೇಳಲಾರದೆ ಅವಳ ಕೈ ಹಿಡಿದುಕೊಂಡೆ. ನಾಲ್ಕನೇ ದಿನ ಅವಳಿಗೆ ಆಸ್ಪತ್ರೆಯ ಕಾಯುವ ಹಾಲು ಹೊಳೆಯಿತು. ದೊಡ್ಡ ಆಸ್ಪತ್ರೆ, ನೂರಾರು ಕುರ್ಚಿ, ಮೇಲೆ ಫ್ಯಾನು. ಯಾಕೆ ಕೂತಿದ್ದೀಯ ಅಂತ ಅಲ್ಲಿ ಯಾರೂ ಕೇಳುವುದಿಲ್ಲ. ಕಣ್ಣು ಕೆಂಪಗಿದ್ದರೂ ಕೇಳುವುದಿಲ್ಲ.

ಆ ಹಾಲಿನ ಮೂರನೇ ಸಾಲಿನಲ್ಲಿ, ಮಡಿಲಲ್ಲಿ ಡಬ್ಬಿ ಇಟ್ಟುಕೊಂಡು, ಲಿಫ್ಟಣ್ಣ ಕೂತಿದ್ದ.

ಮನೆಯಲ್ಲಿ ಯಾರಿಗೆ ಹುಷಾರಿಲ್ಲ ಅಂತ ಇಬ್ಬರೂ ಒಂದೇ ಸಲ ಕೇಳಿಕೊಂಡರಂತೆ.  ತನ್ನನ್ನು ತರಬೇತಿಯಿಂದ ತೆಗೆದದ್ದನ್ನು ಲಿಫ್ಟಣ್ಣ ಮನೆಯಲ್ಲಿ ಹೇಳಿರಲಿಲ್ಲ. ಒಂದು ತಿಂಗಳಿಂದ ಅವನು ದಿನಾ ಅಲ್ಲಿಗೆ ಬರುತ್ತಿದ್ದ. ಯಾವ ಫ್ಯಾನು ಜೋರಾಗಿ ತಿರುಗುತ್ತದೆ, ಯಾವ ನರ್ಸಮ್ಮ ಅನುಮಾನದಿಂದ ನೋಡುತ್ತಾಳೆ, ಎಲ್ಲ ಗೊತ್ತಿತ್ತು ಅವನಿಗೆ. ಮೊದಲನೇ ಸ್ಥಾನದವರು ನೀವ್ಯಾಕೆ ಇಲ್ಲಿ ಅಂತ ಅವನು ಕೇಳಿದಾಗ ಹದ್ದಕ್ಕ ತಡೆದುಕೊಳ್ಳಲಾರದೆ ಎಲ್ಲವನ್ನೂ ಹೇಳಿಬಿಟ್ಟಳು. ದಪ್ಪ ಗೆರೆ, ಗಂಟೆ, ಬೂದುಬಣ್ಣದ ಪರದೆ. ಅವನು ಕೊನೆಯವರೆಗೂ ಕೇಳಿದ. ಆಮೇಲೆ ಎದ್ದು ಹಾಲಿನ ಇನ್ನೊಂದು ತುದಿಯ ಕುರ್ಚಿಯಲ್ಲಿ, ಅವಳಿಗೆ ಬೆನ್ನು ಹಾಕಿ ಕೂತ. ಮರುದಿನ ಬರಲೇ ಇಲ್ಲ.

ಅದರ ಮರುದಿನ ಬಂದ. ಪಕ್ಕದ ಕುರ್ಚಿಯಲ್ಲೇ ಕೂತ. ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಹೇಳಿದ, "ನನ್ನನ್ನ ನೀವು ತಳ್ಳಲಿಲ್ಲ. ಕೊನೇಲಿ ಯಾರಾದ್ರೂ ಇಬ್ಬರು ಇರ್ಲೇಬೇಕು ಅಂತ ಕಟ್ಟಿದ ಆಟ ಅದು. ನೀವಲ್ದಿದ್ರೆ ನಾನು, ನಾನಲ್ದಿದ್ರೆ ಇನ್ನೊಬ್ಬ."

ಹದ್ದಕ್ಕ ಅಳತೊಡಗಿದಳು.

"ಅಳ್ಬೇಡಿ. ನಂಗೆ ಸಿಟ್ಟು ಹೋಗಿದೆ ಅಂತ ನಾನು ಹೇಳಿಲ್ಲ," ಅಂದ ಲಿಫ್ಟಣ್ಣ. "ಗೆರೆ ಕಂಡ ದಿನ ನಂಗೊಂದು ಮಾತು ಹೇಳ್ಬಹುದಿತ್ತು. ಪಕ್ಕದಲ್ಲೇ ಇದ್ದೆ."

 

ಹನ್ನೊಂದನೇ ದಿನ ಮಗಳು ಕಂಡುಹಿಡಿದಳು. ಅಂಗಡಿಗೆ ಚಪ್ಪಲಿ ಕೊಳ್ಳಲು ಬಂದ ಗೋದಾಮಿನ ಕೆಲಸದವನೊಬ್ಬನ ಹತ್ತಿರ, ನಮ್ಮಮ್ಮನೂ ನಿಮ್ಮಲ್ಲೇ ಅಂತ ಹೆಮ್ಮೆಯಿಂದ ಹೇಳಿದ್ದಳು. ಅಂಥವರು ಯಾರೂ ಬಂದಿಲ್ಲವಲ್ಲ ಅಂದಿದ್ದ ಅವನು. ಸಂಜೆ ಅವಳು ಚಪ್ಪಲಿಯನ್ನೂ ಬಿಡದೆ ಒಳಗೆ ಬಂದು, "ಅಮ್ಮ, ನೀನು ಬೆಳಗ್ಗೆ ಎಲ್ಲಿಗೆ ಹೋಗ್ತೀಯ?" ಅಂತ ಕೇಳಿದಳು. ಮೇಲಿನ ಮನೆಯ ಮಾತು ನನಗೆ ಸಾಮಾನ್ಯವಾಗಿ ಕೇಳಿಸುವುದಿಲ್ಲ.  ಅವತ್ತು ಭಾವ ಆಯ್ತು, ಆಯ್ತು, ಆಯ್ತು ಅಂತ ನಿಲ್ಲಿಸದೆ ಕೂಗುವುದು ಕೇಳಿ ನಾನು ಮೆಟ್ಟಿಲು ಹತ್ತಿದೆ. ತಾಯಿ ಮಗಳು ಎದುರುಬದುರು ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದರು. ಮಧ್ಯೆ ಗಾಲಿಕುರ್ಚಿಯಲ್ಲಿ ಭಾವ, ಎಡಗೈಯನ್ನು ಒಮ್ಮೆ ಇವಳ ಕಡೆ ಒಮ್ಮೆ ಅವಳ ಕಡೆ ಚಾಚುತ್ತ.

ಮಗಳು ನಾಲ್ಕು ದಿನ ಮಾತಾಡಲಿಲ್ಲ. ಪುಸ್ತಕದ ಗಂಟು ಮತ್ತೆ ಮಂಚದಡಿ ಸೇರಿತು.

ಐದನೇ ದಿನ ಹದ್ದಕ್ಕ ತರಬೇತಿ ಕೇಂದ್ರದ ಎರಡು ಮಹಡಿ ಹತ್ತಿದಳು. ಇನ್ನು ಕಳೆದುಕೊಳ್ಳಲು ಏನೂ ಉಳಿದಿರಲಿಲ್ಲ, ಅದೇ ಒಂದು ಬಲ. ಊಟದ ಬಿಡುವಿನಲ್ಲಿ ಟೀಚರಮ್ಮ ಒಬ್ಬಳೇ ಇದ್ದಳು. ಇವಳು ಗೆರೆಯ ವಿಷಯ ಹೇಳಿದಾಗ ಆ ಹುಡುಗಿ ನಂಬಲಿಲ್ಲ. ಪರದೆಗೆ ಮೂಗು ತಾಗಿಸಿ ನೋಡಿದರೂ ಕಾಣಲಿಲ್ಲ. ಚಿತ್ರವನ್ನು ಹತ್ತು ಪಟ್ಟು ದೊಡ್ಡದು ಮಾಡಿದಾಗ ಕಂಡಿತು. ಕುರ್ಚಿಯ ಮೇಲೆ ಕುಸಿದು ಕೂತು, ಎಷ್ಟು ಜನಕ್ಕೆ ಗೊತ್ತು ಅಂತ ಕೇಳಿದಳು. ತನ್ನ ಕೆಲಸವೂ ವರ್ಷದ ಒಪ್ಪಂದದ್ದೇ, ಎಷ್ಟು ಜನ ದಾಟಿದರು ಅನ್ನುವ ಪಟ್ಟಿಯ ಮೇಲೇ ಅದು ನಿಂತಿದೆ, ಈ ಸಂಗತಿ ಮೇಲೆ ಹೋದರೆ ಮೊದಲು ಹೋಗುವವಳು ತಾನೇ ಅಂದಳು. ಕಲಿಸುವವಳೂ ಅದೇ ಚರಂಡಿಯ ಅಂಚಿನಲ್ಲಿ ನಿಂತಿದ್ದಾಳೆ ಅಂತ ಹದ್ದಕ್ಕನಿಗೆ ಆಗ ತಿಳಿಯಿತು.

"ನಾನು ಯಾರಿಗೂ ಹೇಳಲ್ಲ," ಅಂದಳು ಹದ್ದಕ್ಕ. "ನಂಗೆ ಕಲಿಸಿಕೊಡಿ. ಆಟ ಬೇಡ. ನಿಜವಾದದ್ದು."

ಇದನ್ನು ಬೆದರಿಕೆ ಅನ್ನಬೇಕೋ ಬೇಡಿಕೆ ಅನ್ನಬೇಕೋ ನನಗೆ ಗೊತ್ತಿಲ್ಲ. ಅವಳಿಗೂ ಗೊತ್ತಿಲ್ಲವಂತೆ. ಒಂದರಿಂದ ಎರಡು ಗಂಟೆ, ಊಟದ ಬಿಡುವಿನಲ್ಲಿ, ಒಂದು ಕಂಪ್ಯೂಟರು ಅಂತ ಒಪ್ಪಂದವಾಯಿತು. ಇನ್ನೊಬ್ಬರನ್ನೂ ಕರೆತರುತ್ತೇನೆ ಅಂತ ಇವಳು ಹಟ ಹಿಡಿದಳು. ಹಾಗೆ ಲಿಫ್ಟಣ್ಣನೂ ಬಂದ. ಬರುವಾಗ ಮುಖ ಬಿಗಿದುಕೊಂಡೇ ಬಂದ.

ಗಂಟೆಯಿಲ್ಲ, ನಕ್ಷತ್ರವಿಲ್ಲ. ಟೀಚರಮ್ಮ ಮೊದಲ ದಿನ ಮಾಡಿಸಿದ್ದು ಒಂದೇ: ಅವರವರ ಹೆಸರು ಬರೆದು, ಉಳಿಸಿ, ಮುಚ್ಚಿ, ಮತ್ತೆ ಹುಡುಕಿ ತೆರೆಯುವುದು. ಹದ್ದಕ್ಕ ಉಳಿಸಿದ್ದು ಎಲ್ಲಿ ಹೋಯಿತು ಅಂತ ಆರು ದಿನ ಹುಡುಕಿದಳು. ಏಳನೇ ದಿನ ಸಿಕ್ಕಿತು. ಅದನ್ನು ಹೇಳಲು ಕೆಳಗೆ ಬಂದಾಗ, ಕಳೆದುಹೋದ ಕರು ಸಿಕ್ಕವಳ ಹಾಗಿದ್ದಳು. ಅವಳಿಗೆ ಕೆಲವು ಸಲ ಆ ಆಟದ ಮೇಲೆಯೇ ಆಸೆಯಾಗುತ್ತಿತ್ತಂತೆ. ಅಲ್ಲಿ ಸರಿ ಅನ್ನುವುದು ಆಗಿಂದಾಗಲೇ ತಿಳಿಯುತ್ತಿತ್ತು. ಇಲ್ಲಿ ತಪ್ಪು ಮಾಡಿದರೂ ಪರದೆ ಸುಮ್ಮನೆ ನೋಡುತ್ತ ಕೂರುತ್ತದೆ.

ಲಿಫ್ಟಣ್ಣ ಮೂರು ವಾರ ಬಂದ. ಅವನ ಬೆರಳು ನಡುಗುತ್ತಿತ್ತು, ಒಂದು ಅಕ್ಷರಕ್ಕೆ ಮೂರು ಬೀಳುತ್ತಿತ್ತು. ಒಂದು ದಿನ ಬಂದವನು ಕೂರಲಿಲ್ಲ. ಒಂದು ಹೊಸ ಕಟ್ಟಡದ ಗೇಟಿನಲ್ಲಿ ಕಾವಲಿಗೆ ಕರೆದಿದ್ದಾರೆ, ಅವರು ಪತ್ರಗಿತ್ರ ಕೇಳಲಿಲ್ಲ, ಹನ್ನೆರಡು ಗಂಟೆ ನಿಂತಿರಬೇಕು ಅಂದ. ಮಂಡಿ ತಡೆಯುತ್ತಾ ಅಂತ ಹದ್ದಕ್ಕ ಕೇಳಿದಳು. ತಡೆಯೋವರೆಗೆ ಅಂದ. ಮತ್ತೆ ಅವನು ಬರಲಿಲ್ಲ. ಅವನ ಗೇಟಿನ ಮುಂದೆ ಒಮ್ಮೆ ಹದ್ದಕ್ಕ ಹಾದುಹೋದಾಗ ಅವನು ಕಂಬಕ್ಕೆ ಒರಗಿ ನಿಂತಿದ್ದ, ಇವಳನ್ನು ನೋಡಿ ನೆಟ್ಟಗಾದ. 

ಅವಳು ಮಾತ್ರ ಐದು ತಿಂಗಳು ಬಿಡಲಿಲ್ಲ. ಕ್ಯಾಲೆಂಡರಿನ ಹಿಂಬದಿಯಲ್ಲಿ ಕಂಪ್ಯೂಟರಿನ ಕೀಲಿಮಣೆಯನ್ನು ಬರೆದುಕೊಟ್ಟವಳು ಮಗಳೇ. ಕೊಡುವಾಗಲೂ ಮುಖ ಕೊಟ್ಟು ಮಾತಾಡಲಿಲ್ಲ, ಮಡಿಸಿ ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಹೋದಳು. ಒಲೆಯ ಮೇಲೆ ಬೇಯುವುದಕ್ಕೆ ಇಟ್ಟು ಹದ್ದಕ್ಕ ಅದರ ಮೇಲೆ ಬೆರಳಾಡಿಸುತ್ತಿದ್ದಳು. ಹಾಗೆ ಕಲಿತ ಮೇಲೆ ಅರ್ಜಿ ಹಾಕಿದಳು. ಕೆಲವು ಅರ್ಜಿ ಅರ್ಧಕ್ಕೆ ಮಾಯವಾದವು. ಪೂರ್ತಿ ಹೋದವುಗಳಿಗೆ ಉತ್ತರವೇ ಬರಲಿಲ್ಲ. ಎರಡು ಕಡೆ ವಯಸ್ಸು ಕೇಳಿಯೇ ತಲೆ ಅಲ್ಲಾಡಿಸಿದರು. ಒಂದು ಕಡೆ ಆ ಮೊದಲನೇ ಸ್ಥಾನದ ಪ್ರಮಾಣಪತ್ರ ತೋರಿಸಿ ಅಂದರು. ಅವಳು ಅದನ್ನು ತಂದಿಲ್ಲ ಅಂದಳು. ಚೀಲದಲ್ಲೇ ಇತ್ತು.

ಕೊನೆಗೆ ಸಿಕ್ಕಿದ್ದು ಒಂದು ಸಣ್ಣ ದವಾಖಾನೆಯ ಕಿಟಕಿಯಲ್ಲಿ, ಬಂದ ರೋಗಿಗಳ ಹೆಸರು ವಯಸ್ಸು ಬರೆದು ಚೀಟಿ ಕೊಡುವ ಕೆಲಸ. ಮೂರು ತಿಂಗಳ ಪರೀಕ್ಷೆಯ ಮೇಲೆ. ಮಗಳು ಆ ಸುದ್ದಿಯನ್ನು ಯಾರಿಗೂ ಕಳಿಸಲಿಲ್ಲ. ಪುಸ್ತಕದ ಗಂಟನ್ನೂ ಹೊರಗೆ ತೆಗೆಯಲಿಲ್ಲ. ನೋಡೋಣ ಅಂದಳಂತೆ, ಅಷ್ಟೇ.

ಹೋದ ವಾರ ನಾನು ಕೆಮ್ಮಿಗೆ ಔಷಧಿ ತರಲು ಆ ದವಾಖಾನೆಗೆ ಹೋಗಿದ್ದೆ. ಕಿಟಕಿಯ ಆ ಕಡೆ ಅವಳು. ನನ್ನನ್ನು ನೋಡಿ ನಗಲಿಲ್ಲ, ಗುರುತೇ ಇಲ್ಲದವಳ ಹಾಗೆ ಪೂರ್ತಿ ಹೆಸರು ಹೇಳಿ ಅಂದಳು. ಎರಡೇ ಬೆರಳಲ್ಲಿ, ತುಟಿ ಅಲ್ಲಾಡಿಸುತ್ತ ಒಂದೊಂದೇ ಅಕ್ಷರ ಒತ್ತಿದಳು. ನನ್ನ ಹಿಂದೆ ಏಳೆಂಟು ಜನ. ಒಬ್ಬ ಜೋರಾಗಿ ಗಂಟಲು ಸರಿಮಾಡಿಕೊಂಡ. ಇನ್ನೊಬ್ಬ, ಇವರು ಬರೆದು ಮುಗಿಸೋದ್ರೊಳಗೆ ಜ್ವರ ತಾನೇ ಇಳಿಯುತ್ತೆ ಅಂದ. ಕೆಲವರು ನಕ್ಕರು. ಹದ್ದಕ್ಕನ ಕಿವಿ ಕೆಂಪಾಯಿತು, ಕಣ್ಣು ಮಾತ್ರ ಪರದೆ ಬಿಟ್ಟು ಅಲ್ಲಾಡಲಿಲ್ಲ. ಒಳಗಿನಿಂದ ಮೇಲ್ವಿಚಾರಕಿಯೊಬ್ಬಳು ಬಂದು ಸಾಲನ್ನು ನೋಡಿ, ಗೋಡೆಯ ಗಡಿಯಾರವನ್ನು ನೋಡಿ ಒಳಗೆ ಹೋದಳು.

ಚೀಟಿ ಕೈಗೆ ಬಂತು. ಹೆಸರು ಸರಿಯಿತ್ತು. ವಯಸ್ಸಿನ ಜಾಗದಲ್ಲಿ ನಲವತ್ತನಾಲ್ಕರ ಬದಲು ನಾನೂರ ನಲವತ್ತನಾಲ್ಕು ಅಂತಿತ್ತು. ಹಿಂದಿನವನು ನನ್ನ ಭುಜದ ಮೇಲಿಂದ ಬಗ್ಗಿ ಓದುವಷ್ಟರಲ್ಲಿ ಚೀಟಿಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡೆ. ಡಾಕ್ಟರ ಕೋಣೆಯೊಳಗೆ ಹೋದ ಮೇಲೆ ಪೆನ್ನು ಕೇಳಿ ಪಡೆದು ಮೊದಲ ಅಂಕಿಯನ್ನು ಹೊಡೆದುಹಾಕಿದೆ.

ಅವಳ ಮೂರು ತಿಂಗಳು ಮುಗಿಯಲು ಇನ್ನು ಹತ್ತೊಂಬತ್ತು ದಿನವಿದೆ. ಇಟ್ಟುಕೊಳ್ಳುತ್ತಾರೋ ಇಲ್ಲವೋ ಯಾರೂ ಹೇಳಿಲ್ಲ. ಬೆಳಗ್ಗೆ ಎಂಟೂವರೆಗೆ ಅವಳು ಮೆಟ್ಟಿಲು ಇಳಿಯುವಾಗ ನಾನೀಗ ಯಂತ್ರ ನಿಲ್ಲಿಸಿ ಬಾಗಿಲಿಗೆ ಬರುತ್ತೇನೆ, ಮೂಲೆಯ ತಿರುವಿನಲ್ಲಿ ಅವಳು ದವಾಖಾನೆಯ ಕಡೆಗೇ ಹೊರಳಿದಳೇ ಅಂತ ನೋಡಿ ಒಳಗೆ ಹೋಗುತ್ತೇನೆ.